ಎದೆ ಹೊಡೆದುಕೊಂಡರೆ ಎಲ್ಲದಕ್ಕೂ ‘ಗ್ಯಾಸ್’ ಎನ್ನಬೇಡಿ

ನಮ್ಮ ಮನೆಗಳ ಫ್ರಿಜ್ಜಿನ ಮೇಲೆ ಈಗ ಒಂದು ಸಣ್ಣ ಬಾಟ್ಲಿ ಖಾಯಂ ಜಾಗ ಹಿಡಿದಿದೆ. ಥೈರಾಯ್ಡ್ ಮಾತ್ರೆಯ ಬಾಟ್ಲಿ. ಉಮ್ಮನಿಗೆ 50, ಸೊಸೆಗೆ 75, ಕಾಲೇಜಿಗೆ ಹೋಗುವ ಮಗಳಿಗೆ 25 ಎಂದು ಡೋಸಿನ ಲೆಕ್ಕ ಮನೆಯ ಮಕ್ಕಳಿಗೂ ಬಾಯಿಪಾಠ. ಬೆಳಗ್ಗೆ ಎದ್ದ ಕೂಡಲೇ ಒಂದು ಮಾತ್ರೆ, ಮೇಲೊಂದು ಗ್ಲಾಸ್ ನೀರು. ಅಲ್ಲಿಗೆ ಕಾಯಿಲೆಯ ಕಥೆ ಮುಗಿಯಿತು ಎಂದು ನಾವು ತಿಳಿದುಕೊಂಡಿದ್ದೇವೆ.

ಆದರೆ ಮದುವೆ ಹಾಲ್‌ಗಳಲ್ಲಿ, ಮದ್ರಸದ ಮೀಟಿಂಗ್‌ಗಳಲ್ಲಿ ಹೆಂಗಸರು ಕೂತು ಮಾತಾಡುವಾಗ ಒಂದು ದೂರು ಮತ್ತೆ ಮತ್ತೆ ಬರುತ್ತದೆ. “ಮಾತ್ರೆ ತಗೊಳ್ತಾ ಇದ್ದೇನೆ, ಆದ್ರೂ ಎದೆ ಡಬಡಬ ಅಂತ ಹೊಡ್ಕೊಳ್ತದೆ. ಮೆಟ್ಟಿಲು ಹತ್ತಿದ್ರೆ ಸಾಕು. ರಾತ್ರಿ ಎಡಮಗ್ಗುಲಿಗೆ ಮಲಗಿದ್ರೆ ಕಿವಿಯೊಳಗೇ ಕೇಳ್ತದೆ.” ಇದಕ್ಕೆ ಮನೆಯಲ್ಲಿ ಸಿದ್ಧ ಉತ್ತರಗಳು ನಾಲ್ಕುಂಟು. ಒಂದು, ಗ್ಯಾಸ್. ಎರಡು, ಟೆನ್ಷನ್. ಮೂರು, ಕಣ್ಣು ಬಿದ್ದಿದೆ. ನಾಲ್ಕು, ಆ ಥೈರಾಯ್ಡ್ ಮಾತ್ರೆ ಉಷ್ಣ, ಅದನ್ನು ಬಿಟ್ಟು ನೋಡು. ಐದನೆಯ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ: ಇವಳ ಮೈಯಲ್ಲಿ ಕಬ್ಬಿಣದ ದಾಸ್ತಾನು ಎಷ್ಟು ಉಳಿದಿದೆ?

ನನ್ನ ವಾದ ಇಷ್ಟೇ. ಥೈರಾಯ್ಡ್ ಕಮ್ಮಿ ಇರುವ ಹೆಣ್ಣುಮಗಳು ಎದೆ ಹೊಡೆದುಕೊಳ್ಳುತ್ತದೆ ಎಂದು ಹೇಳಿದರೆ, ಅವಳ ಸ್ವಭಾವವನ್ನು ಪರೀಕ್ಷೆ ಮಾಡುವ ಮೊದಲು ಅವಳ ರಕ್ತವನ್ನು ಪರೀಕ್ಷೆ ಮಾಡಿಸಬೇಕು. ಟಿಎಸ್‌ಎಚ್ ಒಂದನ್ನೇ ಅಲ್ಲ, ಫೆರಿಟಿನ್ ಕೂಡ.

ಪರಿಚಯದ ಮನೆಯೊಂದರ ಸೊಸೆಯ ವಿಷಯ ಹೇಳುತ್ತೇನೆ. 34 ವರ್ಷ, ಮೂರು ಮಕ್ಕಳು, ಗಂಡ ದಮ್ಮಾಮ್‌ನಲ್ಲಿ. ಮೂರನೇ ಮಗು ಹುಟ್ಟಿದ ಮೇಲೆ ಥೈರಾಯ್ಡ್ ಸುರುವಾಯಿತು. ಮಾತ್ರೆ ತಗೊಂಡು ಎರಡು ವರ್ಷ ಕಳೆದ ಮೇಲೆ ಎದೆ ಬಡಿತ. ಮೊದಲು ಆರು ತಿಂಗಳು ಗ್ಯಾಸ್ ಮಾತ್ರೆ ನುಂಗಿದರು. ಆಮೇಲೆ ಇಸಿಜಿ ಆಯಿತು, “ಹಾರ್ಟಿನದ್ದೇನೂ ಇಲ್ಲ” ಎಂಬ ಸಮಾಧಾನವೂ ಸಿಕ್ಕಿತು. ಹಾರ್ಟಿನದ್ದಲ್ಲ ಎಂದಾದ ಮೇಲೆ ಮನೆಯವರ ಲೆಕ್ಕದಲ್ಲಿ ಅದು ಮನಸ್ಸಿನದ್ದಾಯಿತು. “ಗಂಡ ಹತ್ತಿರ ಇಲ್ಲ ಅಲ್ವಾ, ಹಾಗೆ” ಎಂದು ನೆಂಟರೂ ಸೇರಿಸಿದರು. ಯಾರೋ ಹೇಳಿದರೆಂದು ಥೈರಾಯ್ಡ್ ಮಾತ್ರೆಯನ್ನೂ ಬಿಟ್ಟರು. ಎರಡು ತಿಂಗಳಲ್ಲಿ ಮೈ ಊದಿಕೊಂಡಿತು, ಮುಟ್ಟಿನ ರಕ್ತಸ್ರಾವ ಇನ್ನೂ ಜಾಸ್ತಿಯಾಯಿತು. ಕೊನೆಗೆ ಒಬ್ಬರು ಲೇಡಿ ಡಾಕ್ಟರ್ ಒಂದೇ ಪ್ರಶ್ನೆ ಕೇಳಿದರು: “ಮುಟ್ಟಿನ ದಿನಗಳಲ್ಲಿ ದಿವಸಕ್ಕೆ ಎಷ್ಟು ಪ್ಯಾಡ್ ಬೇಕಾಗ್ತದೆ?” ಉತ್ತರ ಕೇಳಿದ ಕೂಡಲೇ ಫೆರಿಟಿನ್ ಬರೆದುಕೊಟ್ಟರು. ಬಂದದ್ದು 6. ಹಿಮೋಗ್ಲೋಬಿನ್ 12.1. ಈ ಎರಡನೇ ಸಂಖ್ಯೆಯನ್ನು ನೋಡಿಯೇ ಎರಡು ವರ್ಷ ಎಲ್ಲರೂ “ರಕ್ತ ಸರಿ ಉಂಟು” ಎಂದು ಹೇಳಿಕೊಂಡು ಬಂದದ್ದು.

ಈ ಎರಡು ಸಂಖ್ಯೆಗಳ ವ್ಯತ್ಯಾಸ ಅರ್ಥವಾಗಬೇಕಾದರೆ ಹಳೆಯ ಮನೆಗಳ ಅಟ್ಟ ನೆನಪಿಸಿಕೊಳ್ಳಿ. ಅಟ್ಟದಲ್ಲಿ ಅಕ್ಕಿ ಮುಡಿಗಳು, ಒಲೆಯ ಮೇಲೆ ಅನ್ನದ ಪಾತ್ರೆ. ಹಿಮೋಗ್ಲೋಬಿನ್ ಎಂದರೆ ಪಾತ್ರೆಯಲ್ಲಿ ಬೇಯುತ್ತಿರುವ ಅನ್ನ. ಫೆರಿಟಿನ್ ಎಂದರೆ ಅಟ್ಟದಲ್ಲಿರುವ ಮುಡಿ. ಮುಡಿ ಒಂದೊಂದೇ ಖಾಲಿಯಾಗುತ್ತಾ ಬಂದರೂ ಪಾತ್ರೆಯಲ್ಲಿ ಅನ್ನ ಕಮ್ಮಿಯಾಗುವುದಿಲ್ಲ. ಊಟಕ್ಕೆ ಕೂತವರಿಗೆ ಗೊತ್ತೇ ಆಗುವುದಿಲ್ಲ. ಕೊನೆಯ ಮುಡಿ ಬಿಚ್ಚಿದ ಮೇಲೆಯೇ ಪಾತ್ರೆ ಸಣ್ಣದಾಗುವುದು. ರಕ್ತಹೀನತೆ ಎಂದು ನಾವು ಕರೆಯುವುದು ಆ ಕೊನೆಯ ಹಂತವನ್ನು. ಅದಕ್ಕಿಂತ ಬಹಳ ಮೊದಲೇ ಸುಸ್ತು, ತಲೆಕೂದಲು ಉದುರುವುದು, ಏದುಸಿರು, ಎದೆ ಬಡಿತ ಕಾಣಿಸಿಕೊಳ್ಳಬಹುದು. ಗರ್ಭಿಣಿಯಲ್ಲದ ಹೆಂಗಸಿಗೆ ಹಿಮೋಗ್ಲೋಬಿನ್ 12ಕ್ಕಿಂತ ಕೆಳಗಿದ್ದರೆ ರಕ್ತಹೀನತೆ ಎಂದು ಲೆಕ್ಕ. ಫೆರಿಟಿನ್ ವಿಷಯದಲ್ಲಿ ವಿಶ್ವ ಆರೋಗ್ಯ ಸಂಸ್ಥೆ 15ಕ್ಕಿಂತ ಕಮ್ಮಿ ಇದ್ದರೆ ದಾಸ್ತಾನು ಬರಿದಾಗಿದೆ ಎನ್ನುತ್ತದೆ. ಬಹಳ ಡಾಕ್ಟರುಗಳು 30ಕ್ಕಿಂತ ಕೆಳಗಿದ್ದರೂ ಚಿಕಿತ್ಸೆ ಕೊಡುತ್ತಾರೆ. ಜ್ವರ, ಸೋಂಕು, ಮೈಯೊಳಗೆ ಎಲ್ಲಾದರೂ ಉರಿಯೂತ ಇದ್ದಾಗ ಫೆರಿಟಿನ್ ಸುಳ್ಳು ಸುಳ್ಳೇ ಮೇಲೆ ತೋರಿಸುತ್ತದೆ. ಹಾಗಾಗಿ ಜ್ವರ ಬಿಟ್ಟ ಮೇಲೆ ಮಾಡಿಸುವುದು ಒಳ್ಳೆಯದು.

ಥೈರಾಯ್ಡ್‌ಗೂ ಕಬ್ಬಿಣಕ್ಕೂ ಏನು ಸಂಬಂಧ ಎಂದು ಕೇಳಬಹುದು. ಸಂಬಂಧ ಎರಡೂ ಕಡೆಯಿಂದ ಉಂಟು. ಥೈರಾಯ್ಡ್ ಗ್ರಂಥಿ ತನ್ನ ಹಾರ್ಮೋನು ತಯಾರಿಸಲು ಬಳಸುವ ಮುಖ್ಯ ಕಿಣ್ವಕ್ಕೆ ಕಬ್ಬಿಣ ಬೇಕೇ ಬೇಕು. ಕಬ್ಬಿಣ ಕಮ್ಮಿಯಾದರೆ ಗ್ರಂಥಿಯ ಕೆಲಸ ಇನ್ನೂ ಕುಂಟುತ್ತದೆ. ತಿರುಗಿ ನೋಡಿದರೆ, ಥೈರಾಯ್ಡ್ ಕಮ್ಮಿಯಾದಾಗ ಮುಟ್ಟಿನ ಸ್ರಾವ ಹೆಚ್ಚಾಗುವುದುಂಟು, ಹೊಟ್ಟೆಯ ಆಮ್ಲ ಕಮ್ಮಿಯಾಗಿ ತಿಂದ ಕಬ್ಬಿಣ ಸರಿಯಾಗಿ ಒಳಗೆ ಸೇರದೆ ಹೋಗುವುದೂ ಉಂಟು. ಒಂದು ಇನ್ನೊಂದನ್ನು ಕೆಳಗೆ ಎಳೆಯುತ್ತದೆ. ಥೈರಾಯ್ಡ್ ಕಮ್ಮಿಯಾಗಲು ಬಹಳ ಸಾಮಾನ್ಯ ಕಾರಣ ಹಾಶಿಮೊಟೊ ಕಾಯಿಲೆ. 1912ರಲ್ಲಿ ಜಪಾನಿನ ಡಾಕ್ಟರ್ ಹಕಾರು ಹಾಶಿಮೊಟೊ ಮೊದಲು ವಿವರಿಸಿದ್ದರಿಂದ ಆ ಹೆಸರು. ಇದರಲ್ಲಿ ದೇಹದ ಕಾವಲು ವ್ಯವಸ್ಥೆಯೇ ಗ್ರಂಥಿಯ ಮೇಲೆ ಬೀಳುತ್ತದೆ. ಅಂಥವರಲ್ಲಿ ಕೆಲವರಿಗೆ ಹೊಟ್ಟೆಯ ಒಳಪದರಕ್ಕೂ ಅದೇ ಗತಿಯಾಗಿ ಕಬ್ಬಿಣ, ಬಿ12 ಎರಡೂ ಹೀರಿಕೊಳ್ಳದೆ ಹೋಗುತ್ತವೆ.

ಇನ್ನು ಎದೆ ಯಾಕೆ ಹೊಡೆದುಕೊಳ್ಳುತ್ತದೆ? ರಕ್ತದಲ್ಲಿ ಆಮ್ಲಜನಕ ಹೊರುವ ಶಕ್ತಿ ಕಮ್ಮಿಯಾದರೆ ಹೃದಯ ಅದೇ ಕೆಲಸಕ್ಕೆ ಹೆಚ್ಚು ಸಲ ಓಡಬೇಕಾಗುತ್ತದೆ. ಕೆಲಸದಾಳು ಕಮ್ಮಿಯಾದರೆ ಇದ್ದವನೇ ಎರಡು ಪಟ್ಟು ಓಡುವುದಿಲ್ಲವೇ, ಹಾಗೆ. ಅದರ ಜೊತೆ ಥೈರಾಯ್ಡ್ ಕಮ್ಮಿ ಇದ್ದಾಗ ಹೃದಯ ನಿಧಾನಕ್ಕೆ ಹೊಡೆಯುವುದು ಅಭ್ಯಾಸವಾಗಿರುತ್ತದೆ. ಮಾತ್ರೆ ಸುರುವಾಗಿ ಬಡಿತ ಮಾಮೂಲಿಗೆ ಬಂದರೂ ಕೆಲವರಿಗೆ ಅದು ಜೋರಾಗಿ ಕೇಳಿದಂತೆ ಆಗುತ್ತದೆ. ಇದ್ದ ಕಬ್ಬಿಣವೂ ಖಾಲಿಯಾಗಿದ್ದರೆ ಕೇಳುವುದೇ ಬೇಡ.

ಮಾತ್ರೆಯ ಡೋಸ್ ಹೆಚ್ಚಾದರೂ ಎದೆ ಹೊಡೆದುಕೊಳ್ಳುತ್ತದೆ, ಅದು ಸುಳ್ಳಲ್ಲ. ಕೈ ನಡುಗುವುದು, ಸೆಕೆ ತಡೆಯದಿರುವುದು, ನಿದ್ದೆ ಇಲ್ಲದಿರುವುದು, ತೂಕ ಇಳಿಯುವುದು ಜೊತೆಗಿದ್ದರೆ ಮೊದಲು ಆ ಸಂಶಯ ಬರಬೇಕು. ಆಗ ಟಿಎಸ್‌ಎಚ್ ಮಾಮೂಲಿಗಿಂತ ಕೆಳಗಿರುತ್ತದೆ. ವಯಸ್ಸಾದವರಲ್ಲಿ ಇದು ಆಟದ ವಿಷಯವಲ್ಲ. ಹೆಚ್ಚಾದ ಡೋಸ್ ತುಂಬಾ ಕಾಲ ಮುಂದುವರಿದರೆ ಹೃದಯದ ಲಯ ತಪ್ಪುವ ಅಪಾಯ ಉಂಟು, ಮೂಳೆಯೂ ಸವೆಯುತ್ತದೆ. ಆದರೆ ಇದನ್ನು ಹೇಳಬೇಕಾದದ್ದು ಟಿಎಸ್‌ಎಚ್ ವರದಿ, ಪಕ್ಕದ ಮನೆಯವರಲ್ಲ. ಡೋಸ್ ಬದಲಾದರೆ ಆರರಿಂದ ಎಂಟು ವಾರ ಬಿಟ್ಟು ಮತ್ತೆ ಪರೀಕ್ಷೆ ಮಾಡಿಸಬೇಕು.

“ನಾನು ಒಂದು ವಾರ ಬಿಟ್ಟು ನೋಡಿದೆ, ಏನೂ ಆಗ್ಲಿಲ್ಲ” ಎಂದು ಹೇಳುವವರು ಬಹಳ. ಏನೂ ಆಗುವುದಿಲ್ಲ ನಿಜ. ಯಾಕೆಂದರೆ ಈ ಮಾತ್ರೆಯ ಔಷಧಿ ರಕ್ತದಲ್ಲಿ ಅರ್ಧಕ್ಕೆ ಇಳಿಯಲು ಸುಮಾರು ಏಳು ದಿನ ಬೇಕು. ಮೊದಲ ವಾರ ಹಳೆಯ ದುಡ್ಡಿನಲ್ಲೇ ಸಂಸಾರ ನಡೆಯುತ್ತದೆ. ಸಾಲ ಕಾಣುವುದು ಎರಡನೇ ತಿಂಗಳಲ್ಲಿ.

ಈಗ ಗ್ಯಾಸ್ ಮಾತ್ರೆಗೆ ಬರೋಣ. ಕರಾವಳಿಯಲ್ಲಿ ಎದೆಯ ಯಾವ ತೊಂದರೆಗೂ ಮೊದಲ ಹೆಸರು ‘ಗ್ಯಾಸ್ಟ್ರಿಕ್’. ಮೆಡಿಕಲ್ ಶಾಪಿಗೆ ಹುಡುಗನನ್ನು ಕಳಿಸಿದರೆ ಒಂದು ಸ್ಟ್ರಿಪ್ ಬರುತ್ತದೆ, ಅದು ಬೆಳಗ್ಗೆ ಥೈರಾಯ್ಡ್ ಮಾತ್ರೆಯ ಪಕ್ಕದಲ್ಲೇ ಹೊಟ್ಟೆ ಸೇರುತ್ತದೆ. ಆಮ್ಲ ಕಮ್ಮಿ ಮಾಡುವ ಈ ಮಾತ್ರೆಗಳನ್ನು ತಿಂಗಳುಗಟ್ಟಲೆ ತಿಂದರೆ ಥೈರಾಯ್ಡ್ ಮಾತ್ರೆಯೂ ಸರಿ ಹೀರುವುದಿಲ್ಲ, ಕಬ್ಬಿಣವೂ ಹೀರುವುದಿಲ್ಲ. ಅಂದರೆ ಎದೆ ಬಡಿತಕ್ಕೆಂದು ತಗೊಂಡ ಮಾತ್ರೆಯೇ ಎದೆ ಬಡಿತದ ಕಾರಣಕ್ಕೆ ನೀರೆರೆಯುತ್ತದೆ. ನಿಜವಾಗಿ ಹೊಟ್ಟೆ ಹುಣ್ಣು ಇರುವವರಿಗೆ ಅದು ಬೇಕು, ಡಾಕ್ಟರ್ ಬರೆದಿದ್ದರೆ ತಗೊಳ್ಳಲಿ. ಆದರೆ ಮೂರು ವರ್ಷದ ಹಿಂದೆ ಯಾರೋ ಬರೆದ ಚೀಟಿಯನ್ನು ಇವತ್ತೂ ನಡೆಸುವುದು ಯಾವ ನ್ಯಾಯ?

ನಮ್ಮ ಸಮುದಾಯದಲ್ಲಿ ಇನ್ನೊಂದು ಮಾತು ಕೇಳುತ್ತದೆ, “ಮೀನು ಮಾಂಸ ತಿನ್ನುವವರು ನಾವು, ನಮಗೆಂಥ ರಕ್ತ ಕಮ್ಮಿ?” ಈ ಮಾತಿಗೆ ನಾನು ಒಪ್ಪುವುದಿಲ್ಲ. ಮಾಂಸದ ಕಬ್ಬಿಣ ಸೊಪ್ಪಿನ ಕಬ್ಬಿಣಕ್ಕಿಂತ ಚೆನ್ನಾಗಿ ಮೈಗೆ ಸೇರುತ್ತದೆ ಎಂಬುದು ಸರಿ. ಪ್ರಶ್ನೆ, ಆ ಮಾಂಸ ಯಾರ ತಟ್ಟೆಗೆ ಹೋಗುತ್ತದೆ ಎಂಬುದು. ಮೊದಲು ಗಂಡಸರು, ನೆಂಟರು, ಆಮೇಲೆ ಮಕ್ಕಳು. ಅಡುಗೆ ಮಾಡಿದವಳು ಕೂರುವಾಗ ಪಾತ್ರೆಯಲ್ಲಿ ಗ್ರೇವಿ ಇರುತ್ತದೆ, ಒಂದು ಬಟಾಟೆ ಇರುತ್ತದೆ. ಅದೂ ಈಗ ಹೆಚ್ಚಿನ ಮನೆಗಳಲ್ಲಿ ದಿನದ ಮಾಂಸ ಎಂದರೆ ಕೋಳಿ. ಕೋಳಿಯಲ್ಲಿ ಕಬ್ಬಿಣ ಕೆಂಪು ಮಾಂಸಕ್ಕಿಂತ ಕಮ್ಮಿ. ಊಟ ಮುಗಿದ ಕೂಡಲೇ ಸುಲೈಮಾನಿ ಅಥವಾ ಹಾಲಿನ ಚಾ ಬೇಕೇ ಬೇಕು. ಚಾದಲ್ಲಿರುವ ಒಗರು ಊಟದ ಕಬ್ಬಿಣವನ್ನು ಕಟ್ಟಿಹಾಕುತ್ತದೆ. ಚಾ ಬಿಡಿ ಎಂದು ಹೇಳಿದರೆ ನನ್ನನ್ನು ಯಾರೂ ಮನೆಗೆ ಕರೆಯಲಿಕ್ಕಿಲ್ಲ. ಊಟಕ್ಕೂ ಚಾಕ್ಕೂ ನಡುವೆ ಒಂದು ಒಂದೂವರೆ ಗಂಟೆ ಬಿಡಿ ಎಂದಷ್ಟೇ ಕೇಳುತ್ತೇನೆ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಹೇಳಿದ ಪ್ರಕಾರ ದೊಡ್ಡ ಹೆಂಗಸಿಗೆ ದಿನಕ್ಕೆ 29 ಮಿಲಿಗ್ರಾಂ ಕಬ್ಬಿಣ ಬೇಕು, ಗಂಡಸಿಗೆ 19. ಬೇಕಾದದ್ದು ಹೆಣ್ಣಿಗೆ ಹೆಚ್ಚು, ಸಿಗುವುದು ಗಂಡಿಗೆ ಹೆಚ್ಚು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ದೇಶದಲ್ಲಿ ಶೇ. 57 ಮಂದಿಗೆ, ಕರ್ನಾಟಕದಲ್ಲಿ ಸುಮಾರು ಶೇ. 48 ಮಂದಿಗೆ ರಕ್ತಹೀನತೆ ಕಂಡುಬಂದಿದೆ. ಇದು ಪಾತ್ರೆಯ ಲೆಕ್ಕ. ಅಟ್ಟ ಖಾಲಿಯಾದವರು ಇದರ ಮೇಲೆ ಎಷ್ಟಿದ್ದಾರೋ!

ಖರ್ಜೂರ ತಿಂದರೆ ರಕ್ತ ಬರುತ್ತದೆ ಎಂಬ ನಂಬಿಕೆಯ ಬಗ್ಗೆಯೂ ಒಂದು ಮಾತು. ಖರ್ಜೂರ ಒಳ್ಳೆಯ ಆಹಾರ, ಬಿಡಬೇಕಾಗಿಲ್ಲ. ಆದರೆ 100 ಗ್ರಾಂ ಖರ್ಜೂರದಲ್ಲಿ ಇರುವ ಕಬ್ಬಿಣ ಸುಮಾರು ಒಂದು ಮಿಲಿಗ್ರಾಂ. ಬೀಟ್‌ರೂಟಿನ ಬಣ್ಣ ಕೆಂಪು ಎಂಬುದು ಬಿಟ್ಟರೆ ಅದರ ಕಥೆಯೂ ಅಷ್ಟೇ. ಅದಕ್ಕಿಂತ ನಮ್ಮ ಮರುವಾಯಿ ಸುಕ್ಕ ಎಷ್ಟೋ ಮೇಲು. ಹುರುಳಿ, ನುಗ್ಗೆ ಸೊಪ್ಪು ತಿನ್ನುವಾಗ ಮೇಲೊಂದು ನಿಂಬೆಹುಳಿ ಹಿಂಡಿದರೆ ಅದರ ಕಬ್ಬಿಣವೂ ಚೆನ್ನಾಗಿ ಹಿಡಿಯುತ್ತದೆ. ಆದರೆ ಫೆರಿಟಿನ್ 6ಕ್ಕೆ ಇಳಿದ ಮೇಲೆ ಊಟದಿಂದ ಮಾತ್ರ ಅದನ್ನು ತುಂಬಿಸುತ್ತೇನೆ ಎಂದು ಹೊರಟರೆ ಆಗುವ ಕೆಲಸವಲ್ಲ. ಮಾತ್ರೆ ಬೇಕು. ಕೆಲವರಿಗೆ ಡ್ರಿಪ್ ಮೂಲಕ ಕೊಡಬೇಕಾಗುತ್ತದೆ.

ಇಲ್ಲಿಯೇ ಬಹಳ ಮನೆಗಳಲ್ಲಿ ಎಡವಟ್ಟಾಗುವುದು. ಕಬ್ಬಿಣದ ಮಾತ್ರೆಯನ್ನೂ ಥೈರಾಯ್ಡ್ ಮಾತ್ರೆಯನ್ನೂ ಒಟ್ಟಿಗೆ ನುಂಗಿದರೆ ಹೊಟ್ಟೆಯೊಳಗೆ ಒಂದನ್ನೊಂದು ಹಿಡಿದುಕೊಳ್ಳುತ್ತವೆ, ಥೈರಾಯ್ಡ್ ಔಷಧಿ ರಕ್ತಕ್ಕೆ ಸೇರುವುದಿಲ್ಲ. ಎರಡರ ನಡುವೆ ನಾಲ್ಕು ಗಂಟೆ ಬೇಕು. ಕ್ಯಾಲ್ಸಿಯಂ ಮಾತ್ರೆಗೂ ಇದೇ ನಿಯಮ. ಥೈರಾಯ್ಡ್ ಮಾತ್ರೆ ಬೆಳಗ್ಗೆ ಬರೀ ನೀರಿನಲ್ಲಿ, ಚಾ ತಿಂಡಿಗೆ ಅರ್ಧ ಗಂಟೆಯಿಂದ ಒಂದು ಗಂಟೆ ಮೊದಲು. ಕಬ್ಬಿಣ ಮಧ್ಯಾಹ್ನವೋ ಸಂಜೆಯೋ. ಹೊಟ್ಟೆ ತೊಳಸುತ್ತದೆ, ಮಲಬದ್ಧತೆಯಾಗುತ್ತದೆ ಎನ್ನುವವರಿಗೆ ದಿನ ಬಿಟ್ಟು ದಿನ ತಗೊಳ್ಳಲು ಡಾಕ್ಟರುಗಳು ಹೇಳುವುದುಂಟು, ಹಾಗೆ ತಗೊಂಡರೂ ಚೆನ್ನಾಗಿಯೇ ಹೀರುತ್ತದೆ. ಮಲ ಕಪ್ಪಾದರೆ ಹೆದರಿ ನಿಲ್ಲಿಸಬೇಡಿ, ಅದು ಮಾತ್ರೆಯ ಬಣ್ಣ. ಸುಸ್ತು ಕೆಲವು ವಾರಗಳಲ್ಲಿ ಕಮ್ಮಿಯಾಗಬಹುದು, ಆದರೆ ಅಟ್ಟ ತುಂಬಲು ಮೂರು ತಿಂಗಳು, ಕೆಲವರಿಗೆ ಅದಕ್ಕಿಂತ ಹೆಚ್ಚು ಬೇಕು. ನಾನು ಹೇಳಿದ ಆ ಸೊಸೆಗೆ ಎದೆ ಬಡಿತ ಹದಕ್ಕೆ ಬಂದದ್ದು ಥೈರಾಯ್ಡ್ ಮಾತ್ರೆ ಮತ್ತೆ ಸುರುಮಾಡಿ, ಕಬ್ಬಿಣ ತಗೊಂಡು ಮೂರನೇ ತಿಂಗಳಿನಲ್ಲಿ.

ರಮಝಾನಿನಲ್ಲಿ ಏನು ಮಾಡುವುದು? ಈ ತಿಂಗಳಲ್ಲಿ ಮಾತ್ರೆ ತಪ್ಪಿಸುವವರು ಎಷ್ಟೋ ಜನ. ತಪ್ಪಿಸಬೇಕಾದ ಅಗತ್ಯವೇ ಇಲ್ಲ. ಸಹ್ರಿಗೆ ಅಡುಗೆ ಮಾಡುವವಳು ಹೇಗೂ ಉಳಿದವರಿಗಿಂತ ಮುಕ್ಕಾಲು ಗಂಟೆ ಮೊದಲೇ ಎದ್ದಿರುತ್ತಾಳೆ. ಎದ್ದ ಕೂಡಲೇ ಮಾತ್ರೆ ನುಂಗಿ ಒಲೆ ಹಚ್ಚಿದರೆ, ತಾನು ಊಟಕ್ಕೆ ಕೂರುವಾಗ ಸಮಯ ಸರಿಯಾಗಿರುತ್ತದೆ. ಅದು ಆಗದವರು ರಾತ್ರಿ ಊಟ ಮುಗಿದು ಮೂರು ಗಂಟೆ ಕಳೆದ ಮೇಲೆ ಮಲಗುವಾಗ ತಗೊಳ್ಳಬಹುದು. ಬೆಳಗ್ಗೆ ತಗೊಳ್ಳುವವರಿಗೆ ಕಬ್ಬಿಣ ಇಫ್ತಾರ್ ಆದ ಮೇಲೆ, ನಿಂಬೆ ಶರಬತ್ತಿನ ಜೊತೆ. ಹಾಲಿನ ಶರಬತ್ತು, ಚಾ ಆ ಹೊತ್ತಿಗೆ ಬೇಡ. ರಮಝಾನ್ ಬರುವ ಒಂದು ತಿಂಗಳು ಮೊದಲೇ ಡಾಕ್ಟರ ಹತ್ತಿರ ಇದನ್ನು ಮಾತಾಡಿಕೊಳ್ಳಬೇಕು. ಎದೆ ಬಡಿತ, ತಲೆಸುತ್ತು ಜೋರಾಗಿರುವವರು ಉಪವಾಸ ಹಿಡಿಯುವ ವಿಷಯವನ್ನೂ ಕೇಳಿಯೇ ತೀರ್ಮಾನಿಸಲಿ. ಕಾಯಿಲೆಯವರಿಗೆ ಉಪವಾಸದಲ್ಲಿ ರಿಯಾಯಿತಿ ಇದೆ ಎಂಬುದು ಮದ್ರಸದ ಮಕ್ಕಳಿಗೂ ಗೊತ್ತು. ಆ ರಿಯಾಯಿತಿ ಮನೆಯ ಹೆಂಗಸಿಗೂ ಅನ್ವಯ ಎಂಬುದು ಕೆಲವು ಮನೆಗಳಲ್ಲಿ ಗೊತ್ತಿಲ್ಲ.

ಗರ್ಭಿಣಿಯರ ವಿಷಯದಲ್ಲಂತೂ ಇನ್ನೂ ಎಚ್ಚರ ಬೇಕು. ಬಸಿರಾದಾಗ ಥೈರಾಯ್ಡ್ ಡೋಸ್ ಸಾಮಾನ್ಯವಾಗಿ ಹೆಚ್ಚಿಸಬೇಕಾಗುತ್ತದೆ. ಅದೇ ಹೊತ್ತಿಗೆ ಆಶಾ ಕಾರ್ಯಕರ್ತೆ ಕಬ್ಬಿಣದ ಕೆಂಪು ಮಾತ್ರೆ ತಂದು ಕೊಡುತ್ತಾರೆ, ಆಸ್ಪತ್ರೆಯಲ್ಲಿ ಕ್ಯಾಲ್ಸಿಯಂ ಬರೆಯುತ್ತಾರೆ. ಒಂದು ಬಸಿರಿಗೆ ಒಟ್ಟು ಸುಮಾರು ಒಂದು ಗ್ರಾಂ ಕಬ್ಬಿಣ ಬೇಕು, ಆದ್ದರಿಂದ ಆ ಮಾತ್ರೆ ಬಿಡುವ ಹಾಗಿಲ್ಲ. ಮೂರನ್ನೂ ಒಂದೇ ಕೈಯಲ್ಲಿ ಹಿಡಿದು ಬೆಳಗ್ಗೆಯೇ ನುಂಗಿ ‘ಮುಗಿಸಿಬಿಡುವ’ ಹುಡುಗಿಯರನ್ನು ನೋಡಿದ್ದೇನೆ. ಥೈರಾಯ್ಡ್ ಬೆಳಗ್ಗೆ, ಕಬ್ಬಿಣ ಮಧ್ಯಾಹ್ನ, ಕ್ಯಾಲ್ಸಿಯಂ ರಾತ್ರಿ ಎಂದು ಅಡುಗೆಮನೆಯ ಗೋಡೆಯಲ್ಲಿ ಬರೆದು ಹಾಕಿದರೆ ಸಾಕಲ್ಲ. ಬಾಣಂತನದ ಒಂದು ವರ್ಷದೊಳಗೆ ಎದೆ ಬಡಿತ ಸುರುವಾದರೆ, ಥೈರಾಯ್ಡ್ ಗ್ರಂಥಿಯೇ ಹೆರಿಗೆಯ ನಂತರ ಏರುಪೇರಾಗುವ ಸಾಧ್ಯತೆಯೂ ಉಂಟೆಂದು ನೆನಪಿರಲಿ.

ಹಾಗಂತ ಈ ಲೇಖನ ಓದಿ ನಾಳೆಯೇ ಅಂಗಡಿಯಿಂದ ಕಬ್ಬಿಣದ ಮಾತ್ರೆ ತಂದು ಸುರುಮಾಡಬೇಡಿ. ಥಲಸ್ಸೇಮಿಯಾದ ಅಂಶ ಇರುವವರಿಗೆ ಹಿಮೋಗ್ಲೋಬಿನ್ ಸ್ವಲ್ಪ ಕಮ್ಮಿ ತೋರಿಸುತ್ತದೆ, ಆದರೆ ಕಬ್ಬಿಣ ಸಾಕಷ್ಟಿರುತ್ತದೆ. ಅಂಥವರಿಗೆ ಸುಮ್ಮನೆ ಕಬ್ಬಿಣ ತುಂಬಿಸುವುದು ಒಳ್ಳೆಯದಲ್ಲ. ಮುಟ್ಟು ನಿಂತ ಹಿರಿಯ ಹೆಂಗಸಿಗೆ, ಅಥವಾ ಗಂಡಸಿಗೆ ಫೆರಿಟಿನ್ ತುಂಬಾ ಇಳಿದಿದ್ದರೆ ಹೊಟ್ಟೆ ಕರುಳಿನಲ್ಲಿ ಎಲ್ಲಾದರೂ ರಕ್ತ ಸೋರುತ್ತಿದೆಯೇ ಎಂದು ನೋಡಬೇಕು. ಎದೆನೋವು, ಪ್ರಜ್ಞೆ ತಪ್ಪುವುದು, ಕೂತಲ್ಲೇ ಏದುಸಿರು, ನಿಲ್ಲದೆ ಓಡುವ ಅಥವಾ ಲಯ ತಪ್ಪಿದ ಬಡಿತ ಇದ್ದರೆ ಫೆರಿಟಿನ್ ಲೆಕ್ಕ ಆಮೇಲೆ. ಮೊದಲು ಆಸ್ಪತ್ರೆ. ದಮ್ಮಾಮಿಗೋ ದುಬೈಗೋ ಫೋನ್ ಮಾಡಿ ಅನುಮತಿಗೆ ಕಾಯುವ ಹೊತ್ತು ಅದಲ್ಲ.

ಡಾಕ್ಟರುಗಳ ಮೇಲೂ ನನಗೆ ಒಂದು ತಕರಾರಿದೆ. ಮಂಗಳೂರು, ದೇರಳಕಟ್ಟೆ, ಮಣಿಪಾಲಗಳಲ್ಲಿ ಮೆಡಿಕಲ್ ಕಾಲೇಜುಗಳಿಗೆ ಬರವಿಲ್ಲ. ಆದರೂ ಕ್ಲಿನಿಕ್ಕಿನ ಗಡಿಬಿಡಿಯಲ್ಲಿ ಟಿಎಸ್‌ಎಚ್ ನೋಡಿ, ಹಿಮೋಗ್ಲೋಬಿನ್ ನೋಡಿ, ಎರಡೂ ಸರಿ ಎಂದಾದರೆ ‘ಟೆನ್ಷನ್ ಮಾಡ್ಬೇಡಿ’ ಎಂದು ಕಳಿಸುವುದು ನಡೆದೇ ಇದೆ. ಆತಂಕದ ಕಾಯಿಲೆಯೂ ನಿಜವಾದ ಕಾಯಿಲೆಯೇ, ಅದಕ್ಕೂ ಚಿಕಿತ್ಸೆ ಬೇಕು. ಆದರೆ ಮುಟ್ಟಿನ ಬಗ್ಗೆ ಒಂದು ಪ್ರಶ್ನೆಯನ್ನೂ ಕೇಳದೆ, ಅಟ್ಟ ಹತ್ತಿ ನೋಡದೆ ಆ ಹೆಸರು ಹಚ್ಚಬಾರದು. ನಮ್ಮ ಹೆಂಗಸರು ಪುರುಷ ಡಾಕ್ಟರ ಎದುರು, ಅದೂ ಜೊತೆಗೆ ಬಂದ ಮೈದುನನೋ ಮಗನೋ ನಿಂತಿರುವಾಗ ಮುಟ್ಟಿನ ಮಾತು ಎತ್ತುವುದಿಲ್ಲ. ಕೇಳಬೇಕಾದವರು ಡಾಕ್ಟರ್, ಒಂದು ನಿಮಿಷ ಹೊರಗೆ ನಿಲ್ಲಬೇಕಾದವರು ಜೊತೆಗೆ ಬಂದವರು.

ಖರ್ಚಿನ ಮಾತೂ ಬರುತ್ತದೆ, ಟೆಸ್ಟ್ ಮೇಲೆ ಟೆಸ್ಟ್ ಎಂದು. ಮನೆಯವರೆಲ್ಲ ಸಾಲಾಗಿ ಹೋಗಿ ಫೆರಿಟಿನ್ ಮಾಡಿಸಿ ಎಂದು ನಾನು ಹೇಳುತ್ತಿಲ್ಲ. ಥೈರಾಯ್ಡ್ ಇದ್ದು, ಸುಸ್ತು ಅಥವಾ ಎದೆ ಬಡಿತ ಇದ್ದು, ಮುಟ್ಟು ಜೋರಾಗಿರುವವರಿಗೆ ಒಂದು ಸಲ. ಕೈಯಲ್ಲಿ ಕಾಸಿಲ್ಲದವರು ಮಂಗಳೂರಿನ ವೆನ್ಲಾಕ್‌ನಲ್ಲಿ, ಹೆಂಗಸರ ತೊಂದರೆಗಾದರೆ ಲೇಡಿಗೋಶನ್‌ನಲ್ಲಿ ವಿಚಾರಿಸಬಹುದು, ಎರಡೂ ಸರಕಾರಿ ಆಸ್ಪತ್ರೆಗಳು. ಹೋಗುವಾಗ ಮನೆಯಲ್ಲಿರುವ ಎಲ್ಲ ಮಾತ್ರೆಗಳ ಸ್ಟ್ರಿಪ್ಪುಗಳನ್ನು ಒಂದು ತೊಟ್ಟೆಯಲ್ಲಿ ಹಾಕಿಕೊಂಡು ಹೋಗಿ. ಥೈರಾಯ್ಡ್, ಗ್ಯಾಸ್, ಕ್ಯಾಲ್ಸಿಯಂ, ಯಾರೋ ಗಲ್ಫಿನಿಂದ ತಂದ ವಿಟಮಿನ್, ಎಲ್ಲವನ್ನೂ. ಯಾವುದನ್ನು ಎಷ್ಟು ಗಂಟೆಗೆ ನುಂಗುತ್ತೀರಿ ಎಂದು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಕಳೆದ ಮೂರು ತಿಂಗಳ ಮುಟ್ಟಿನ ತಾರೀಕು, ಎಷ್ಟು ದಿನ ಹೋಯಿತು ಎಂಬುದನ್ನೂ ಅದೇ ಚೀಟಿಯ ಹಿಂಬದಿಯಲ್ಲಿ.